ಬಿಷಪ್ ಕಾಲ್ಡ್‌ವೆಲ್ ಅವರ ತೌಲನಿಕ ವ್ಯಾಕರಣ ಮತ್ತು ಎಡೆದೊರೆ ನಾಡಿನ ಕನ್ನಡ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡು ಕನ್ನಡ, ತೆಲುಗು ಭಾಷೆಗಳು ಸಂಧಿಸುವ ಪ್ರದೇಶ. ಉತ್ತರದಲ್ಲಿ ಕೃಷ್ಣೆಯನ್ನು ಮುಟ್ಟುವ ದೇವದುರ್ಗ, ದಕ್ಷಿಣದಲ್ಲಿ ತುಂಗಭದ್ರೆಯನ್ನು ಎಲ್ಲೆಯಾಗಿ ಉಳ್ಳ ಮಾನ್ವಿ, ಪೂರ್ವದ ರಾಯಚೂರು ನಗರ ಇಲ್ಲಿನ ಮುಖ್ಯ ನೆಲೆಗಳು. ರಾಯಚೂರು ಕೋಟೆಯ 1294ರ ಶಾಸನ ತೆಲುಗಿನಲ್ಲಿದೆ. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ ಕನ್ನಡದ ಭಾಮಿನಿ ಷಟ್ಪದಿಯಲ್ಲಿದೆ. ಇಂತಹ ಗಡಿನೆಲದಲ್ಲಿ ಎರಡು ಭಾಷೆಗಳ ಸಾಮ್ಯವು ನೆರೆಹೊರೆಯ ಫಲವೋ, ಮೂಲದ ಸಂಬಂಧವೋ ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಶಾಸ್ತ್ರೀಯ ಉತ್ತರವನ್ನು ವಿಸ್ತಾರವಾಗಿ ನಿರೂಪಿಸಿದವರು ರಾಬರ್ಟ್ ಕಾಲ್ಡ್‌ವೆಲ್.

1814ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಕಾಲ್ಡ್‌ವೆಲ್ ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ವ್ಯಾಸಂಗ ಮಾಡುವಾಗ ತೌಲನಿಕ ಭಾಷಾಶಾಸ್ತ್ರದತ್ತ ಆಕರ್ಷಿತರಾದರು. 1838ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಪರವಾಗಿ ಮದ್ರಾಸಿಗೆ ಬಂದರು. 1841ರಲ್ಲಿ ಆಂಗ್ಲಿಕನ್ ಸಭೆಯ ಪಾದ್ರಿಯಾಗಿ ತಿರುನೆಲ್ವೇಲಿಯ ಇಡೈಯನ್‌ಗುಡಿಯಲ್ಲಿ ನೆಲೆಸಿದರು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ, ಅದರ ಪರಿಷ್ಕೃತ ಆವೃತ್ತಿಯನ್ನು 1875ರಲ್ಲಿ ಪ್ರಕಟಿಸಿದರು. 1877ರಲ್ಲಿ ಬಿಷಪ್ ಪದವಿಗೇರಿದ ಅವರು 1891ರಲ್ಲಿ ಕೊಡೈಕನಾಲಿನಲ್ಲಿ ನಿಧನರಾದರು.

ದಕ್ಷಿಣದ ಭಾಷೆಗಳು ಸಂಸ್ಕೃತಜನ್ಯವಲ್ಲವೆಂದು 1816ರಲ್ಲಿಯೇ ಎಫ್. ಡಬ್ಲ್ಯು. ಎಲ್ಲಿಸ್ ಪ್ರತಿಪಾದಿಸಿದ್ದರು. ಕಾಲ್ಡ್‌ವೆಲ್ ಆ ವಾದಕ್ಕೆ ವ್ಯಾಕರಣದ ಸಮಗ್ರ ಆಧಾರವನ್ನು ಒದಗಿಸಿದರು. ಪದಗಳು ಭಾಷೆಯಿಂದ ಭಾಷೆಗೆ ಸುಲಭವಾಗಿ ಸಾಗುತ್ತವೆ; ಸರ್ವನಾಮ, ಸಂಖ್ಯಾವಾಚಕ, ಪ್ರತ್ಯಯಗಳು ಹಾಗೆ ಸಾಗುವುದಿಲ್ಲ. ‘ಹರಿಕಥಾಮೃತಸಾರ’ದಲ್ಲಿ ಸಂಸ್ಕೃತ ಪದಗಳು ದಟ್ಟವಾಗಿದ್ದರೂ ವಿಭಕ್ತಿ, ಕ್ರಿಯಾಪದಗಳ ಕಟ್ಟಡ ಕನ್ನಡದ್ದೇ. ಕನ್ನಡದ ‘ನಾನು’, ‘ಮೂರು’ಗಳಿಗೆ ತೆಲುಗಿನ ‘ನೇನು’, ‘ಮೂಡು’ಗಳು ಸರಿಹೊಂದುವುದು ಎರವಲಿನಿಂದಲ್ಲ, ಸಮಾನ ಮೂಲದಿಂದ.

ಧ್ವನಿವ್ಯತ್ಯಾಸಗಳಲ್ಲಿಯೂ ನಿಯಮವಿದೆ. ಕನ್ನಡದ ‘ಕಿವಿ’, ‘ಕೆರೆ’ಗಳು ತೆಲುಗಿನಲ್ಲಿ ‘ಚೆವಿ’, ‘ಚೆರುವು’ ಆಗಿವೆ. ಇಲ್ಲಿ ಪ್ರಾಚೀನ ಕಕಾರವನ್ನು ಉಳಿಸಿಕೊಂಡಿರುವುದು ಕನ್ನಡ. ತದ್ವಿರುದ್ಧವಾಗಿ ‘ಪಾಲು’ ಕನ್ನಡದಲ್ಲಿ ‘ಹಾಲು’ ಆಯಿತು, ತೆಲುಗಿನಲ್ಲಿ ‘ಪಾಲು’ ಆಗಿಯೇ ಉಳಿಯಿತು. ಆದ್ದರಿಂದ ಇವೆರಡರಲ್ಲಿ ಒಂದು ಮತ್ತೊಂದರ ಅಪಭ್ರಂಶವೆನ್ನಲು ಆಸ್ಪದವಿಲ್ಲ.

ಕಾಲ್ಡ್‌ವೆಲ್ ಅವರ ವಿವೇಚನೆಗೆ ಮಿತಿಗಳೂ ಇವೆ. ಅವರ ದೃಷ್ಟಿ ತಮಿಳುಕೇಂದ್ರಿತವಾದುದು. ಕಿಟೆಲ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಹಲ್ಮಿಡಿ ಶಾಸನ 1936ರಲ್ಲಿ ಬೆಳಕಿಗೆ ಬಂತು. ಈ ಸಾಮಗ್ರಿ ಅವರಿಗೆ ಲಭ್ಯವಿರಲಿಲ್ಲ. ಭಾಷಾವರ್ಗವನ್ನು ಜನಾಂಗದೊಡನೆ ಬೆಸೆದ ಅವರ ನಿಲುವು ಇಂದು ಸ್ವೀಕಾರಾರ್ಹವಲ್ಲ.

ಮೊದಲ ಆವೃತ್ತಿ ಪ್ರಕಟವಾದ ನೂರು ವರ್ಷಗಳಿಗೆ, 1956ರ ನವೆಂಬರ್ 1ರಂದು, ಉರ್ದು ಆಡಳಿತಭಾಷೆಯಾಗಿದ್ದ ನಿಜಾಮ ಸಂಸ್ಥಾನದ ಭಾಗವಾಗಿದ್ದ ರಾಯಚೂರು ಭಾಷೆಯ ಆಧಾರದ ಮೇಲೆ ಮೈಸೂರು ರಾಜ್ಯವನ್ನು ಸೇರಿತು. ಗಡಿಯನ್ನು ಗುರುತಿಸಲು ಭಾಷೆಗಳ ಭೇದ ನೆರವಾಯಿತು. ಆ ಭೇದದ ಹಿಂದಿನ ಒಡಹುಟ್ಟನ್ನು ನೆನಪಿಸುವುದರಲ್ಲಿ ಕಾಲ್ಡ್‌ವೆಲ್ ಅವರ ಪ್ರಸ್ತುತತೆಯಿದೆ.