ಮೂರು ಮದುವೆ, ಇಬ್ಬರು ಅಪ್ಪಂದಿರು

ಒಂದೇ ಜೋಡಿಗೆ ಮೂರು ಮದುವೆ. ಮೊದಲನೆಯದನ್ನು ಮಾಡಿಸಿದವರು ಮೆಥಡಿಸ್ಟ್ ಪಾದ್ರಿ, ಎರಡನೆಯದನ್ನು ಯೆಹೂದಿಗಳ ಧರ್ಮಗುರು ರಬ್ಬಿ, ಮೂರನೆಯದನ್ನು ಕ್ಯಾಥೊಲಿಕ್ ಪಾದ್ರಿ. ಇಷ್ಟಾದರೂ ಬೀಗರಿಬ್ಬರಿಗೂ ಸಮಾಧಾನವಿಲ್ಲ. 1922ರ ಮೇ 23ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ರಂಗಕ್ಕೆ ಬಂದ ‘ಏಬೀಸ್ ಐರಿಷ್ ರೋಸ್’ ಪ್ರಹಸನದ ಬಂಡವಾಳ ಇಷ್ಟೇ. ಇಷ್ಟರಲ್ಲೇ ಅದು ಐದು ವರ್ಷಕ್ಕೂ ಮಿಕ್ಕಿ ಓಡಿ, 2,327 ಪ್ರದರ್ಶನಗಳನ್ನು ಕಂಡು, ಅಲ್ಲಿನ ಹಳೆಯ ದಾಖಲೆಗಳನ್ನೆಲ್ಲ ಮುರಿಯಿತು.

ಬರೆದವರು ಆನ್ ನಿಕೋಲ್ಸ್. ನಾಟಕದ ನಿರ್ಮಾಣಕ್ಕೂ ಅವರೇ ಇಳಿದರು. ಆರಂಭದಲ್ಲಿ ನಷ್ಟವಾದಾಗ ಕುಖ್ಯಾತ ಜೂಜುಕೋರ ಆರ್ನಾಲ್ಡ್ ರಾಥ್‌ಸ್ಟೀನ್‌ ಬಳಿ ಸಾಲ ಮಾಡಿದರು. ವಿಮರ್ಶಕರಂತೂ ನಾಟಕವನ್ನು ಹಿಗ್ಗಾಮುಗ್ಗಾ ಜಾಡಿಸಿದರು. ‘ಲೈಫ್’ ಪತ್ರಿಕೆಯ ರಾಬರ್ಟ್ ಬೆಂಚ್ಲಿ ಅವರ ಪಾಡು ನಗೆ ತರಿಸುವಂಥದು. ನಡೆಯುತ್ತಿರುವ ನಾಟಕಗಳ ಕುರಿತು ವಾರವಾರವೂ ಒಂದೊಂದು ಸಾಲು ಬರೆಯುವುದು ಅವರ ಕೆಲಸ. ಈ ನಾಟಕವೋ ನಿಲ್ಲುವ ಲಕ್ಷಣವೇ ಇಲ್ಲ! ಕೊನೆಗೆ ಬೈಗುಳದ ದಾಸ್ತಾನು ಮುಗಿದು, ಹೊಸ ಸಾಲುಗಳಿಗಾಗಿ ಓದುಗರ ನೆರವನ್ನೇ ಕೇಳಬೇಕಾಯಿತು.

ಕಥೆ ಸರಳ. ಯೆಹೂದಿ ಯುವಕ ಏಬೀ ಲೆವಿ ಮೊದಲ ಮಹಾಯುದ್ಧದ ಕಾಲಕ್ಕೆ ಫ್ರಾನ್ಸಿನಲ್ಲಿ ಐರಿಷ್ ಕ್ಯಾಥೊಲಿಕ್ ಹುಡುಗಿ ರೋಸ್‌ಮೇರಿ ಮರ್ಫಿಯನ್ನು ಮೆಚ್ಚುತ್ತಾನೆ. ಗುಟ್ಟಾಗಿ ಮದುವೆಯಾಗಿ, ಅಪ್ಪನ ಮುಂದೆ ಆಕೆಯನ್ನು ‘ರೋಸಿ ಮರ್ಫಿಸ್ಕಿ’ ಎಂದು ಪರಿಚಯಿಸುತ್ತಾನೆ. ಹೆಸರಿನ ಬಾಲಕ್ಕೇ ಮರುಳಾದ ಅಪ್ಪ ಸಾಲೊಮನ್ ಲೆವಿ ಸಡಗರದಿಂದ ರಬ್ಬಿಯನ್ನು ಕರೆಸುತ್ತಾನೆ. ಅಷ್ಟರಲ್ಲಿ ಹುಡುಗಿಯ ಅಪ್ಪ ಪ್ಯಾಟ್ರಿಕ್ ಮರ್ಫಿ ತನ್ನ ಪಾದ್ರಿಯೊಂದಿಗೆ ಬಂದಿಳಿಯುತ್ತಾನೆ. ಅಪ್ಪಂದಿರು ಕೂಗಾಡುತ್ತಿದ್ದರೆ, ರಬ್ಬಿ ಮತ್ತು ಪಾದ್ರಿ ಯುದ್ಧಭೂಮಿಯ ಹಳೆಯ ಪರಿಚಯವನ್ನು ನೆನೆದು ಸ್ನೇಹಿತರಾಗುತ್ತಾರೆ. ಧರ್ಮಗುರುಗಳಿಗಿಲ್ಲದ ತಕರಾರು ಮನೆಯವರಿಗೆ!

ಇಂಥ ಪ್ರಹಸನದ ಗುಟ್ಟು ಇರುವುದು ಕಾಲಕ್ರಮದಲ್ಲಿ. ದುರಂತ ನಾಟಕದಲ್ಲಿ ಹಿರಿಯರ ಹಟ ಪ್ರೇಮಿಗಳ ಪ್ರಾಣವನ್ನೇ ತೆಗೆಯಬಲ್ಲದು. ಇಲ್ಲಿ ಹಟಕ್ಕೆ ಹಲ್ಲಿಲ್ಲ. ಮದುವೆ ಆಗಿಹೋಗಿದೆ, ಹಿರಿಯರು ತೀರ್ಮಾನಿಸಬೇಕಾದದ್ದು ಮಕ್ಕಳ ಮನೆಗೆ ಹೋಗಬೇಕೋ ಬೇಡವೋ ಎಂಬುದನ್ನಷ್ಟೇ. ಕೊನೆಗೆ ಕ್ರಿಸ್‌ಮಸ್ ಹಿಂದಿನ ರಾತ್ರಿ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಅಲ್ಲಿಗೇ ಬರುತ್ತಾರೆ. ನೋಡಿದರೆ ಅವಳಿ ಮಕ್ಕಳು! ಗಂಡಿಗೆ ಪ್ಯಾಟ್ರಿಕ್, ಹೆಣ್ಣಿಗೆ ರೆಬೆಕ್ಕಾ ಎಂದು ಹೆಸರು. ಜಗಳ ಅಲ್ಲಿಗೆ ಮುಕ್ತಾಯ.

ಅಂದಿನ ಅಮೆರಿಕದಲ್ಲಿ ಇದು ಬರೀ ತಮಾಷೆಯಾಗಿರಲಿಲ್ಲ. ಯೆಹೂದಿಗಳನ್ನೂ ಕ್ಯಾಥೊಲಿಕರನ್ನೂ ದ್ವೇಷಿಸುತ್ತಿದ್ದ ಕು ಕ್ಲಕ್ಸ್ ಕ್ಲ್ಯಾನ್ ಆಗ ಹೊಸದಾಗಿ ಬಲಗೊಂಡಿತ್ತು. 1924ರ ವಲಸೆ ಕಾಯ್ದೆ ಪೂರ್ವ ಯುರೋಪಿನ ಯೆಹೂದಿಗಳಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಅದೇ ವರ್ಷಗಳಲ್ಲಿ ರಂಗದ ಮೇಲೆ ಅಪ್ಪಂದಿರು ತಮ್ಮ ತಮ್ಮ ನಾಡಿನ ಧಾಟಿಯ ಇಂಗ್ಲಿಷಿನಲ್ಲಿ ಬಡಬಡಿಸುತ್ತಿದ್ದರೆ, ಮಕ್ಕಳು ಅಪ್ಪಟ ಅಮೆರಿಕನ್ನರಂತೆ ಮಾತಾಡುತ್ತಿದ್ದರು. ವಿಮರ್ಶಕರಿಗೆ ಸವಕಲು ಎನಿಸಿದ್ದು ವಲಸಿಗರ ಮಕ್ಕಳಿಗೆ ಮನೆಯ ಮಾತೇ ಆಗಿದ್ದಿರಬೇಕು.

ಆದರೆ ಆ ಅವಳಿಗಳು ಯಾವ ಧರ್ಮದಲ್ಲಿ ಬೆಳೆಯಬೇಕು? ಎರಡು ಹೆಸರಿಟ್ಟು ನಾಟಕ ನುಣುಚಿಕೊಂಡಿತು. ಅರ್ಧ ಶತಮಾನದ ನಂತರ ಆ ಪ್ರಶ್ನೆ ಮರಳಿತು. ಯೆಹೂದಿ ಹುಡುಗ, ಕ್ಯಾಥೊಲಿಕ್ ಹುಡುಗಿಯ ಇಂಥದೇ ಸಂಸಾರವನ್ನು ತೋರಿಸಿದ ‘ಬ್ರಿಜೆಟ್ ಲವ್ಸ್ ಬರ್ನಿ’ ಟೀವಿ ಧಾರಾವಾಹಿ 1972ರಲ್ಲಿ ಅಪಾರ ಜನಪ್ರಿಯವಾಯಿತು. ಅಂತರ್ಧರ್ಮೀಯ ವಿವಾಹವನ್ನು ಹಗುರವಾಗಿ ಕಾಣಲಾಗುತ್ತಿದೆ ಎಂದು ಯೆಹೂದಿ ಸಂಘಟನೆಗಳು ಪ್ರತಿಭಟಿಸಿದವು. ಒಂದೇ ಋತುವಿಗೆ ಅದು ನಿಂತುಹೋಯಿತು. ಸಂಖ್ಯೆಯಲ್ಲಿ ಕಡಿಮೆಯಿರುವ ಸಮುದಾಯಕ್ಕೆ ಈ ನಗೆ ಪುಕ್ಕಟೆಯಲ್ಲ.

ಈ ಕಥೆಯ ಒಡೆತನದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. 1926ರ ‘ದ ಕೊಹೆನ್ಸ್ ಅಂಡ್ ಕೆಲ್ಲಿಸ್’ ಚಿತ್ರ ತಮ್ಮ ನಾಟಕದ ನಕಲು ಎಂದು ನಿಕೋಲ್ಸ್ ಅವರು ಯೂನಿವರ್ಸಲ್ ಕಂಪೆನಿಯ ಮೇಲೆ ದಾವೆ ಹೂಡಿದ್ದರು. ಮಕ್ಕಳ ಮದುವೆ, ಅಪ್ಪಂದಿರ ಜಗಳ, ಮೊಮ್ಮಗು, ರಾಜಿ — ಇಷ್ಟರ ಮೇಲೆ ಯಾರಿಗೂ ಹಕ್ಕಿಲ್ಲವೆಂದು 1930ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ತೀರ್ಪಿತ್ತರು.

ನಮ್ಮಲ್ಲೂ ಇಂಥದೇ ವ್ಯಾಜ್ಯ ನಡೆದದ್ದುಂಟು. ಅಲ್ಲಿ ಅಡ್ಡಿಯಾಗಿದ್ದುದು ಧರ್ಮವಲ್ಲ, ಪ್ರಾಂತ್ಯ. ಪಂಜಾಬಿ ಮತ್ತು ‘ಮದ್ರಾಸಿ’ ಕುಟುಂಬಗಳ ನಡುವಿನ ಪ್ರೇಮವನ್ನು ಹೇಳುವ ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು 1956ರ ‘ನ್ಯೂ ಡೆಲ್ಲಿ’ ಚಿತ್ರ ಕದ್ದಿದೆ ಎಂದು ಆರ್.ಜಿ. ಆನಂದ್ ದೂರಿದ್ದರು. ಕಥಾವಸ್ತುವಿಗೆ ಕೃತಿಸ್ವಾಮ್ಯವಿಲ್ಲವೆಂದು 1978ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ಆನಂದ್ ಸೋತರು. ಅಂದಹಾಗೆ, ಆ ಚಿತ್ರದಲ್ಲಿ ಪಂಜಾಬಿ ನಾಯಕ ಕಿಶೋರ್ ಕುಮಾರ್‌ಗೆ ದೆಹಲಿಯಲ್ಲಿ ಬಾಡಿಗೆಗೆ ಕೋಣೆ ಸಿಗುವುದು ಆತ ದಕ್ಷಿಣದವನ ವೇಷ ಹಾಕಿದ ಮೇಲೆಯೇ!