ಎಚ್ಚರಿಸುವ ಗಂಟೆಯ ಬಾಯಿ ಕಟ್ಟಬೇಡಿರಿ

ಹಳೆಯ ಕ್ಯಾಂಟೀನ್ ಗಾಡಿಗಳ ಬ್ರೇಕು, ಬಜರು, ತಂತಿಗಳ ವಿಚಾರ

ಹತ್ತು ಹದಿನೈದು ವರ್ಷ ಪರರ ಒಲೆಯ ಮುಂದೆ ಬೆವರು ಸುರಿಸಿದವನಿಗೆ ತನ್ನದೇ ಒಂದು ಒಲೆಯನ್ನು ಹೂಡಬೇಕೆಂಬ ಆಸೆ ಹುಟ್ಟುವುದು ಸಹಜವೇ ಆಗಿದೆ. ಆದರೆ ಮುಂಬಯಿ, ಪುಣೆ, ಹೈದರಾಬಾದುಗಳಂತಹ ನಗರಗಳಲ್ಲಿ ರಸ್ತೆಬದಿಯ ಒಂದು ಸಣ್ಣ ಜಾಗಕ್ಕೆ ಹೇಳುವ ಡಿಪಾಜಿಟ್ಟು, ಬಾಡಿಗೆಗಳನ್ನು ಕೇಳಿದೊಡನೆ ಆ ಆಸೆಯು ಅರ್ಧಕ್ಕರ್ಧ ಕಮರಿಹೋಗುತ್ತದೆ. ಆದುದರಿಂದಲೇ ನಮ್ಮ ಹೋಟೆಲ್ ಬಂಧುಗಳಲ್ಲಿ ಕೆಲವರು ಹಳೆಯ ವ್ಯಾನನ್ನೋ ಮಿನಿ ಬಸ್ಸನ್ನೋ ಕೊಂಡು, ಅದರೊಳಗೆ ಒಲೆ, ನೀರಿನ ಟಾಂಕಿ, ದೀಪ, ಫ್ಯಾನುಗಳನ್ನು ಕೂಡಿಸಿ ಸಂಚಾರಿ ಉಪಾಹಾರಗೃಹವನ್ನು ನಡೆಸುವ ಯೋಚನೆಗೆ ಬರುತ್ತಾರೆ. ಆಫೀಸಿನಲ್ಲಿ ಗುಮಾಸ್ತನಾಗಿರುವ ತಮ್ಮನೋ ಭಾವನೋ ತನ್ನ ಉಳಿತಾಯದ ಹಣವನ್ನು ಪಾಲುಬಂಡವಾಳವಾಗಿ ಹಾಕುತ್ತಾನೆ. ಗಾಡಿಯನ್ನು ಕೊಳ್ಳುವಾಗ ಎಂಜಿನ್ನಿನ ಸದ್ದನ್ನು ಕೇಳುತ್ತಾರೆ, ಟಯರನ್ನು ತಟ್ಟಿ ನೋಡುತ್ತಾರೆ, ಕಾಗದಪತ್ರಗಳನ್ನು ಓದುತ್ತಾರೆ. ಬಗ್ಗಿ ಬ್ರೇಕಿನ ತಂತಿಗಳನ್ನು ನೋಡುವವರು ಮಾತ್ರ ತೀರ ವಿರಳ.

ಇದಕ್ಕಿಂತಲೂ ಕೆಟ್ಟದೊಂದು ರೂಢಿಯಿದೆ. ಹಳೆಯ ಗಾಡಿಯಲ್ಲಿ ಎಚ್ಚರಿಕೆಯ ಬಜರು ಕೂಗತೊಡಗಿದರೆ, ಏಕೆ ಕೂಗುತ್ತಿದೆಯೆಂದು ವಿಚಾರಿಸುವ ಬದಲು ಅದರ ತಂತಿಯನ್ನೇ ಕತ್ತರಿಸಿ ಬಿಡುವುದು! ಪ್ರೆಶರ್ ಕುಕ್ಕರಿನ ಸೇಫ್ಟಿ ವಾಲ್ವು ಸೋರುವುದೆಂದು ಅದಕ್ಕೆ ಬೆಣೆ ಬಡಿಯುವ ಅಡಿಗೆಯವನನ್ನು ಯಾವ ಯಜಮಾನನೂ ಒಂದು ಗಳಿಗೆಯಾದರೂ ಕೆಲಸದಲ್ಲಿ ಇಟ್ಟುಕೊಳ್ಳಲಾರನು. ಗಾಡಿಯ ವಿಷಯದಲ್ಲಿ ಮಾತ್ರ ಅದೇ ಯಜಮಾನನು ಅಂತಹ ಕೆಲಸಕ್ಕೆ ಹಣ ಕೊಟ್ಟು ಬರುತ್ತಾನೆ.

ನಮ್ಮ ಪರಿಚಿತರೊಬ್ಬರ ಮಿನಿ ಬಸ್ಸಿನಲ್ಲಿ ನಡೆದುದೂ ಇದೇ. ಮಳೆಗಾಲದಲ್ಲಿ ಬಜರು ಬಿಡದೆ ಕೂಗಿತು. ಗ್ಯಾರೇಜಿನವನೊಬ್ಬನು ತಂತಿಯನ್ನು ಕತ್ತರಿಸಿ 'ರಿಪೇರಿ ಆಯಿತು' ಎಂದನು. ಮೂರು ವಾರಗಳ ತರುವಾಯ ಖಂಡಾಲಾ ಘಾಟಿಯನ್ನು ಇಳಿಯುತ್ತಿರುವಾಗ ಗಾಳಿಯ ಪೈಪು ಸೀಳಿ ಬ್ರೇಕಿನ ಒತ್ತಡವು ಇಳಿಯತೊಡಗಿತು. ಕೂಗಬೇಕಾದ ಬಜರು ಮೌನವಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ಅಡಿಗೆಯವನು ಗೇಜಿನ ಮುಳ್ಳು ಇಳಿಯುವುದನ್ನು ಕಂಡು ಹೇಳಿದುದರಿಂದ ಡ್ರೈವರನು ಸಕಾಲದಲ್ಲಿ ಗಾಡಿಯನ್ನು ಬದಿಗೆ ನಿಲ್ಲಿಸಿದನು. ಐದು ಜನರ ಪ್ರಾಣ ಉಳಿಯಿತು. ಮೊದಲು ಬಜರು ಕೂಗಿದ್ದಕ್ಕೆ ಕಾರಣವು ಚಾಸಿಗೆ ಉಜ್ಜಿ ಸಿಪ್ಪೆ ಹೋಗಿದ್ದ ಗೇಣುದ್ದದ ತಂತಿಯೆಂದು ಆಮೇಲೆ ಕಂಡುಬಂದಿತು.

ಒಂದು ಗಾಡಿ, ಎರಡು ಸಂಸಾರ

ಅಮೆರಿಕದಲ್ಲಿ ಅಡಿಗೆಮನೆ, ಹಾಸಿಗೆ, ಸ್ನಾನದ ಕೋಣೆಗಳನ್ನು ಒಳಗೊಂಡ 'ಮೋಟರ್ ಹೋಮ್' ಎಂಬ ಮನೆಗಾಡಿಗಳು ಬಹುಕಾಲದಿಂದ ಬಳಕೆಯಲ್ಲಿವೆ. ಅಯೋವಾ ಸಂಸ್ಥಾನದ ಫಾರೆಸ್ಟ್ ಸಿಟಿಯ ವಿನ್ನೆಬಾಗೊ ಕಂಪನಿಯು 1966ರಿಂದ ಇವನ್ನು ತಯಾರಿಸತೊಡಗಿತು. ಅಂತಹ ಗಾಡಿಗಳಲ್ಲಿ ಎಂಜಿನ್ನಿಗೂ ರಸ್ತೆಯ ದೀಪಗಳಿಗೂ ಒಂದು ಬ್ಯಾಟರಿ, ಮನೆಯ ದೀಪ ಪಂಪುಗಳಿಗೆ ಮತ್ತೊಂದು ಬ್ಯಾಟರಿ ಇರುವುದು ಪದ್ಧತಿ. ಗಾಡಿಯು ಹಳೆಯದಾಗಿ ನಾಲ್ಕಾರು ಕೈ ದಾಟಿದಂತೆಲ್ಲ ಒಬ್ಬೊಬ್ಬ ಯಜಮಾನನೂ ತನಗೆ ತೋಚಿದ ತಂತಿಯನ್ನು ಜೋಡಿಸುತ್ತ ಹೋಗುವುದರಿಂದ ಎರಡು ಸಂಸಾರಗಳೂ ಬೆರೆತು ಜಗಳವಾಡುತ್ತವೆ. ನಮ್ಮ ಕ್ಯಾಂಟೀನ್ ಗಾಡಿಯು ಆ ಮನೆಗಾಡಿಯ ತಮ್ಮನೇ ಸರಿ. ಇದರ ರೋಗವೂ ಅದೇ, ಮದ್ದೂ ಅದೇ.

ಬಜರು ಹೇಳುವುದೇನು?

ಸಣ್ಣ ವ್ಯಾನುಗಳಲ್ಲಿ ಬ್ರೇಕು ಎಣ್ಣೆಯ ಒತ್ತಡದಿಂದ ನಡೆಯುತ್ತದೆ. ಇವುಗಳಲ್ಲಿ ಹಲವಕ್ಕೆ ಒಂದೇ ಕೆಂಪು ದೀಪವು ಎರಡು ಸುದ್ದಿಗಳನ್ನು ಹೇಳುತ್ತದೆ: ಹ್ಯಾಂಡ್‌ಬ್ರೇಕು ಎಳೆದಿದೆ, ಅಥವಾ ಬ್ರೇಕಿನ ಎಣ್ಣೆ ಕಡಿಮೆಯಾಗಿದೆ. ಹ್ಯಾಂಡ್‌ಬ್ರೇಕನ್ನು ಬಿಟ್ಟ ಮೇಲೂ ದೀಪ ಉರಿಯುತ್ತಿದ್ದರೆ ತಂತಿಯನ್ನು ಶಂಕಿಸುವ ಮೊದಲು ಎಣ್ಣೆಯ ಡಬ್ಬಿಯನ್ನು ನೋಡತಕ್ಕದ್ದು. ಎಣ್ಣೆ ಇಳಿದಿದ್ದರೆ ಎಲ್ಲಿಯೋ ಸೋರುತ್ತಿದೆ, ಇಲ್ಲವೆ ಬ್ರೇಕಿನ ಪಟ್ಟಿ ಸವೆದಿದೆ. ಮೇಲಿಂದ ಎಣ್ಣೆ ಸುರಿದು ದೀಪವನ್ನು ಆರಿಸಿದರೆ ಸುದ್ದಿಯನ್ನು ಮುಚ್ಚಿದಂತಾಯಿತೇ ಹೊರತು ರೋಗ ವಾಸಿಯಾಗಲಿಲ್ಲ.

ದೊಡ್ಡ ಬಸ್ಸುಗಳಲ್ಲಿ ಬ್ರೇಕು ಗಾಳಿಯ ಒತ್ತಡದಿಂದ ನಡೆಯುತ್ತದೆ. ತುಂಬಿದ ಟಾಂಕಿಯಲ್ಲಿ ಸಾಮಾನ್ಯವಾಗಿ 7ರಿಂದ 8 ಕಿಲೋ ಒತ್ತಡವಿರುತ್ತದೆ. ಅದು ಸುಮಾರು 4ರಿಂದ 5 ಕಿಲೋಗೆ ಇಳಿದಾಗ ಬಜರು ಕೂಗಬೇಕು. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯೇ ಪ್ರಮಾಣ. ಬೆಳಿಗ್ಗೆ ಎಂಜಿನ್ನನ್ನು ಚಾಲೂ ಮಾಡಿದಾಗ ಗಾಳಿ ತುಂಬುವವರೆಗೆ ಕೂಗುವುದು ದೋಷವಲ್ಲ, ಧರ್ಮ. ಅದು ತಾನಾಗಿ ನಿಲ್ಲುವವರೆಗೆ ಗಾಡಿಯನ್ನು ಕದಲಿಸಲಾಗದು. ಗಿರಾಕಿಗಳು ಕಾಯುತ್ತಿದ್ದರೂ ಸರಿಯೇ.

ಕೈ ಹಾಕುವ ಮೊದಲು

ಗಾಡಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ ಚಕ್ರಗಳಿಗೆ ಮುಂದೆಯೂ ಹಿಂದೆಯೂ ದಿಮ್ಮಿಯನ್ನು ಕೊಡಿರಿ. ಗ್ಯಾಸ್ ಸಿಲಿಂಡರನ್ನು ಬಂದು ಮಾಡಿ ಹೊರಗೆ ಇಳಿಸಿರಿ. ಬಾಗಿಲು ಕಿಟಕಿಗಳನ್ನು ತೆರೆದಿಡಿರಿ. ಅಡಿಗೆಯ ಗ್ಯಾಸು ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ತಂತಿಯ ಒಂದು ಕಿಡಿ ಸಾಕು. ತಂತಿಯನ್ನು ಕತ್ತರಿಸಿ ಜೋಡಿಸುವ ಪ್ರಸಂಗ ಬಂದರೆ ಬ್ಯಾಟರಿಯ ಮೈನಸ್ ಕೊಂಡಿಯನ್ನು ಮೊದಲು ಕಳಚತಕ್ಕದ್ದು.

ಬ್ರೇಕು ದೀಪದ ದಾರಿ

ಹೋಟೆಲಿನ ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ಟಾಂಕಿಯಿಂದ ಪೈಪನ್ನು ಹಿಡಿದು ಹೊರಡುತ್ತೇವೆ. ವಿದ್ಯುತ್ತಿನ ದಾರಿಯೂ ಹಾಗೆಯೇ: ಬ್ಯಾಟರಿ, ಫ್ಯೂಜು, ಪೆಡಲಿನ ಸ್ವಿಚ್ಚು, ಹಿಂದಿನ ಬಲ್ಬು, ಅಲ್ಲಿಂದ ಗಾಡಿಯ ಕಬ್ಬಿಣದ ಮೈಯ ಮೂಲಕ ಮರಳಿ ಬ್ಯಾಟರಿಗೆ. ಎರಡು ತಂತಿಗಳುಳ್ಳ ಒಂದು ಟೆಸ್ಟ್ ಲ್ಯಾಂಪು ಇದ್ದರೆ ಸಾಕು. ಒಂದು ತಂತಿಯನ್ನು ಚಾಸಿನ ಶುಭ್ರವಾದ ಲೋಹಕ್ಕೆ ಸಿಕ್ಕಿಸಿ, ಇನ್ನೊಂದರಿಂದ ದಾರಿಯ ಒಂದೊಂದು ಠಾಣ್ಯವನ್ನು ಮುಟ್ಟುತ್ತ ಹೋಗಿರಿ. ಯಾವ ಠಾಣ್ಯದವರೆಗೆ ಬೆಳಕು ಬಂದು ಮುಂದಿನದರಲ್ಲಿ ಬಾರದೋ ಅವೆರಡರ ನಡುವೆಯೇ ದೋಷವಿದೆ.

ಎರಡೂ ದೀಪಗಳು ಉರಿಯದಿದ್ದರೆ ಫ್ಯೂಜನ್ನೂ ಸ್ವಿಚ್ಚನ್ನೂ ಮೊದಲು ನೋಡಿರಿ. ಸ್ವಿಚ್ಚಿನ ಎರಡು ಕೊಂಡಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದಾಗ ದೀಪ ಹೊತ್ತಿದರೆ ಸ್ವಿಚ್ಚು ಕೆಟ್ಟಿದೆ. ಒಂದೇ ದೀಪ ಉರಿಯದಿದ್ದರೆ ಆ ಬದಿಯ ಬಲ್ಬು, ಹೋಲ್ಡರು, ಅರ್ಥಿಂಗು. ಪೆಡಲನ್ನು ಬಿಟ್ಟ ಮೇಲೂ ದೀಪ ಉರಿಯುತ್ತಿದ್ದರೆ ಸ್ವಿಚ್ಚು ಸರಿದಿರಬಹುದು, ಅಥವಾ ಪೆಡಲೇ ಪೂರ್ತಿ ಮೇಲೆ ಬರುತ್ತಿಲ್ಲದಿರಬಹುದು. ಎರಡನೆಯದಾದರೆ ಬ್ರೇಕು ಚಕ್ರವನ್ನು ಹಿಡಿದುಕೊಂಡೇ ಇದೆಯೆಂದು ತಿಳಿದು ಮೆಕ್ಯಾನಿಕನನ್ನು ಕರೆಯಿರಿ.

ಎಲ್ಲಕ್ಕಿಂತ ಹೆಚ್ಚು ದಾರಿತಪ್ಪಿಸುವುದು ಅರ್ಥಿಂಗಿನ ದೋಷ. ಬ್ರೇಕನ್ನು ತುಳಿದಾಗ ಇಂಡಿಕೇಟರು ಮಿಣುಕುವುದು, ಹಿಂದಿನ ದೀಪ ಮಂಕಾಗುವುದು, ಇವೆಲ್ಲ ಅದರದೇ ಆಟ. ಮರಳುವ ದಾರಿಗೆ ತುಕ್ಕು ಅಡ್ಡ ಬಂದಾಗ ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ಮನೆಗೆ ಹೋಗಲು ನೋಡುತ್ತದೆ. ಹೋಲ್ಡರಿನ ಮೈಯಿಂದ ಚಾಸಿಗೆ ತಾತ್ಕಾಲಿಕವಾಗಿ ಒಂದು ತಂತಿಯನ್ನು ಹಿಡಿಯಿರಿ. ದೀಪಗಳು ಸರಿಯಾದರೆ ಕಳ್ಳನು ಸಿಕ್ಕಿದನು. ಆ ಜಾಗವನ್ನು ಮರಳು ಕಾಗದದಿಂದ ಉಜ್ಜಿ ಬೋಲ್ಟನ್ನು ಬಿಗಿದರೆ ಮುಗಿಯಿತು. ಸಮುದ್ರದ ಗಾಳಿಯುಳ್ಳ ಮುಂಬಯಿಯಲ್ಲಿ ತಾಮ್ರದ ಕೊಂಡಿಗಳು ಹಸಿರುಗಟ್ಟುವುದು ಬೇಗ.

ಫ್ಯೂಜಿನ ವಿಷಯದಲ್ಲಿ ಒಂದು ಲೆಕ್ಕ. 21 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಎಳೆಯುವುದು ಮೂರೂವರೆ ಆಂಪಿಯರು ಮಾತ್ರ. ಇಷ್ಟಕ್ಕೆ 10 ಆಂಪಿಯರಿನ ಫ್ಯೂಜು ಧಾರಾಳವಾಯಿತು. ಅದು ಪದೇ ಪದೇ ಹೋಗುತ್ತಿದ್ದರೆ ತಂತಿಯೆಲ್ಲಿಯೋ ಮೈಗೆ ತಾಗುತ್ತಿದೆಯೆಂದೇ ಅರ್ಥ. ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನು ಸುತ್ತಿ ಕೂರಿಸಿದರೆ ಫ್ಯೂಜಿನ ಬದಲು ಗಾಡಿಯೇ ಸುಡುತ್ತದೆ.

ಬಜರಿನ ಪರೀಕ್ಷೆ

ಗಾಳಿಬ್ರೇಕಿನ ಗಾಡಿಯಲ್ಲಿ ಬಜರು ಕೂಗಿದೊಡನೆ ಗೇಜನ್ನು ನೋಡಿರಿ. ಮುಳ್ಳು ಕೆಳಗಿದ್ದರೆ ವಾದ ಬೇಡ, ಗಾಡಿ ನಿಲ್ಲಲಿ. ಮುಳ್ಳು ಮೇಲಿದ್ದೂ ಕೂಗುತ್ತಿದ್ದರೆ ಗೇಜು ತಪ್ಪೋ ಬಜರು ತಪ್ಪೋ ಎಂಬುದು ತಿಳಿಯುವವರೆಗೆ ಬಜರನ್ನೇ ನಂಬಿ ನಿಲ್ಲಿಸತಕ್ಕದ್ದು. ಬಹುಪಾಲು ಗಾಡಿಗಳಲ್ಲಿ ಈ ಸ್ವಿಚ್ಚು ಒತ್ತಡ ಇಳಿದಾಗ ಬಜರಿನ ತಂತಿಯನ್ನು ಚಾಸಿಗೆ ಸೇರಿಸುತ್ತದೆ. ಗಾಳಿ ತುಂಬಿದ ಮೇಲೂ ಕೂಗು ನಿಲ್ಲದಿದ್ದರೆ ಸ್ವಿಚ್ಚಿನಿಂದ ಆ ತಂತಿಯನ್ನು ಕಳಚಿ ನೋಡಿರಿ. ಕೂಗು ನಿಂತರೆ ದೋಷವು ಸ್ವಿಚ್ಚಿನಲ್ಲಿ. ನಿಲ್ಲದಿದ್ದರೆ ತಂತಿಯೇ ನಡುವೆ ಎಲ್ಲಿಯೋ ಚಾಸಿಗೆ ತಾಗಿದೆ. ಕಳಚಿದ ತಂತಿಯನ್ನು ಮರಳಿ ಸೇರಿಸದೆ ರಸ್ತೆಗೆ ಇಳಿಯಬಾರದು.

ಕೂಗುವ ಬಜರಿಗಿಂತ ಕೂಗದ ಬಜರು ಹೆಚ್ಚು ಅಪಾಯಕರ. ಏಕೆಂದರೆ ತಂತಿ ಕಡಿದಿದ್ದರೂ ಅದು ಶಾಂತವಾಗಿಯೇ ಇರುತ್ತದೆ. ವಾರಕ್ಕೊಮ್ಮೆ ಇದನ್ನು ಪರೀಕ್ಷಿಸಿರಿ. ಚಕ್ರಗಳಿಗೆ ದಿಮ್ಮಿ ಕೊಟ್ಟು, ಟಾಂಕಿ ತುಂಬಿದ ಮೇಲೆ ಎಂಜಿನ್ನನ್ನು ನಿಲ್ಲಿಸಿ, ಚಾವಿಯನ್ನು ಆನ್ ಮಾಡಿ, ಬ್ರೇಕನ್ನು ಮತ್ತೆ ಮತ್ತೆ ತುಳಿಯಿರಿ. ಮುಳ್ಳು ಇಳಿಯುತ್ತ ಕೈಪಿಡಿಯ ಅಂಕಿಗೆ ಬರುವಷ್ಟರಲ್ಲಿ ಬಜರು ಕೂಗಲೇಬೇಕು. ಸಣ್ಣ ವ್ಯಾನಿನಲ್ಲಿ ಪರೀಕ್ಷೆ ಇನ್ನೂ ಸುಲಭ: ಚಾವಿ ಆನ್ ಇರುವಾಗ ಹ್ಯಾಂಡ್‌ಬ್ರೇಕನ್ನು ಎಳೆದರೆ ಕೆಂಪು ದೀಪ ಹೊತ್ತಬೇಕು. ಹೊತ್ತದಿದ್ದರೆ ಬಲ್ಬೋ ತಂತಿಯೋ ಸತ್ತಿದೆ; ಎಣ್ಣೆ ಇಳಿದ ದಿನವೂ ಅದು ಹೊತ್ತದಿರಬಹುದು.

ಅಡಿಗೆಮನೆಯ ತಂತಿ ಬೇರೆ ಇರಲಿ

ಕ್ಯಾಂಟೀನ್ ಗಾಡಿಯ ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಒಂದೇ ಕಡೆಯಿಂದ. ಕೌಂಟರಿನ ದೀಪಕ್ಕೋ ಫ್ಯಾನಿಗೋ ಹತ್ತಿರ ಸಿಕ್ಕಿದ ತಂತಿಯೆಂದು ಹಿಂದಿನ ದೀಪದ ತಂತಿಯನ್ನೇ ಸೀಳಿ ಜೋಡಿಸುತ್ತಾರೆ. ಮೇಲೆ ಟೇಪು ಸುತ್ತುತ್ತಾರೆ. ಇಡ್ಲಿಯ ಹಬೆ, ಎಣ್ಣೆಯ ಜಿಡ್ಡು, ಪಾತ್ರೆ ತೊಳೆದ ನೀರು ಆ ಟೇಪಿನೊಳಗೆ ಇಳಿಯುತ್ತವೆ. ಸಂಜೆ ಫ್ಯಾನು ತಿರುಗುತ್ತದೆ, ರಾತ್ರಿ ಬ್ರೇಕಿನ ದೀಪ ಉರಿಯುವುದಿಲ್ಲ. ಹಿಂದಿನಿಂದ ಬರುವ ಲಾರಿಯವನಿಗೆ ಗಾಡಿ ನಿಲ್ಲುವುದು ತಿಳಿಯುವುದಿಲ್ಲ. ಅಡಿಗೆಮನೆಗೆ ಬೇರೆ ಬ್ಯಾಟರಿ, ಬೇರೆ ಫ್ಯೂಜು, ಬೇರೆ ತಂತಿಗಳಿರಲಿ. ಅವು ನೆಲದ ಮೇಲಲ್ಲ, ಗೋಡೆಯ ಎತ್ತರದಲ್ಲಿ ಪೈಪಿನೊಳಗೆ ಹಾಯಲಿ.

ಮೇಲೆ ಹೇಳಿದುದೆಲ್ಲ ತಂತಿಯ ಕೆಲಸ. ಜಾಗರೂಕನಾದ ಯಾವ ಕೆಲಸಗಾರನೂ ಮಾಡಬಹುದು. ಎಣ್ಣೆಯ ಪೈಪು, ಗಾಳಿಯ ವಾಲ್ವು, ಬ್ರೇಕಿನ ಪಟ್ಟಿಗಳಿಗೆ ಮಾತ್ರ ಬಲ್ಲ ಮೇಸ್ತ್ರಿಯೇ ಬೇಕು. ಪಾಲುದಾರನಾದ ಗುಮಾಸ್ತ ಮಿತ್ರನು ಹಣದ ಲೆಕ್ಕದ ಪುಸ್ತಕದ ಜೊತೆಗೆ ಗಾಡಿಗೂ ಒಂದು ಪುಸ್ತಕವನ್ನಿಟ್ಟು, ಯಾವ ದಿನ ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ ಹಾಕಲಾಯಿತೆಂದು ಬರೆದಿಟ್ಟರೆ ಮುಂದಿನ ರಿಪೇರಿಯ ಅರ್ಧ ಖರ್ಚು ಉಳಿದಂತೆಯೇ.

ಕೊನೆಯದಾಗಿ ಯಜಮಾನರಿಗೆ ಒಂದು ಮಾತು. ಬಜರು ಕೂಗುತ್ತಿದೆಯೆಂದು ಡ್ರೈವರನು ಬಂದು ಹೇಳಿದಾಗ 'ಇವತ್ತೊಂದು ದಿನ ಹಾಗೆಯೇ ಓಡಿಸು' ಎನ್ನಬೇಡಿರಿ. ಆ ಗಾಡಿಯಲ್ಲಿ ಕುಳಿತಿರುವವರು ನಿಮ್ಮನ್ನು ನಂಬಿ ಊರು ಬಿಟ್ಟು ಬಂದ ಹುಡುಗರು. ಅವರು ಕಳುಹಿಸುವ ಹಣಕ್ಕಾಗಿ ಕಾಯುವ ತಾಯಿತಂದೆಗಳು ಊರಿನಲ್ಲಿದ್ದಾರೆ. ಡ್ರೈವರ್ ಬಂಧುಗಳೂ ಅಂತಹ ಗಾಡಿಯನ್ನು ಓಡಿಸಲಾರೆವೆಂದು ವಿನಯದಿಂದ, ಆದರೆ ದೃಢವಾಗಿ ಹೇಳುವುದನ್ನು ಕಲಿಯಬೇಕು. ಒಂದು ದಿನದ ವ್ಯಾಪಾರವು ಹೋದರೆ ಮರುದಿನ ಬರುತ್ತದೆ.