ಮಳೆ ಬಿಟ್ಟ ಮೇಲೆ ಏನು ತೊಡಬೇಕು?

ಕಕ್ಕಿಂಜೆ ಪೇಟೆಯಲ್ಲಿ ನಿಂತು ಮೂಡಲಿಗೆ ಮುಖ ಮಾಡಿದರೆ ಚಾರ್ಮಾಡಿ ಘಟ್ಟ ಗೋಡೆಯಂತೆ ಎದ್ದು ನಿಂತಿರುತ್ತದೆ. ನವರಾತ್ರಿ ಕಳೆದು ದೀಪಾವಳಿ ಸಮೀಪಿಸುವ ದಿನಗಳಲ್ಲಿ ಈ ಗೋಡೆಯ ಬುಡದಲ್ಲಿ ವಾಸಿಸುವವರಿಗೆ ಒಂದೇ ದಿನದಲ್ಲಿ ಮೂರು ಋತುಗಳ ದರ್ಶನವಾಗುತ್ತದೆ. ಬೆಳಗ್ಗೆ ಅಡಿಕೆ ತೋಟದಲ್ಲಿ ಮಂಜು. ಹತ್ತು ಗಂಟೆಗೆ ನೆತ್ತಿ ಸುಡುವ ಬಿಸಿಲು. ಮಧ್ಯಾಹ್ನ ಇಳಿದ ಮೇಲೆ ಘಟ್ಟದ ನೆತ್ತಿಗೆ ಮೋಡ ಕಟ್ಟಿ, ಸಂಜೆಗೆ ಗುಡುಗು ಮಳೆ. ಇಂಥ ಕಡೆ ‘ಮಳೆಗಾಲದ ಬಟ್ಟೆ’, ‘ಚಳಿಗಾಲದ ಬಟ್ಟೆ’ ಎಂದು ಎರಡು ಪೆಟ್ಟಿಗೆ ಮಾಡಿ ಇಟ್ಟುಕೊಂಡವರು ದಿನಕ್ಕೊಂದು ಸಲವಾದರೂ ಮೋಸ ಹೋಗುತ್ತಾರೆ. ಎರಡು ಪೆಟ್ಟಿಗೆ ತುಂಬಿಸುವಷ್ಟು ಹಣ ಎಲ್ಲರ ಕೈಯಲ್ಲಿ ಇರುವುದೂ ಇಲ್ಲ.

ಶಾಲೆಗೆ ಹೋಗುವ ಮಗುವನ್ನೇ ನೋಡಿ. ಬೆಳಗಿನ ಚಳಿಗೆ ಹೆದರಿ ತಾಯಿ ದಪ್ಪ ಸ್ವೆಟರನ್ನು ತೊಡಿಸಿ ಕಳಿಸುತ್ತಾಳೆ. ಗುಡ್ಡ ಹತ್ತಿ ಇಳಿದು ಬಸ್ಸು ಹಿಡಿಯುವಷ್ಟರಲ್ಲಿ ಒಳಗಿನ ಅಂಗಿ ಬೆವರಿನಿಂದ ತೊಯ್ದಿರುತ್ತದೆ. ಮಗು ಸ್ವೆಟರು ಬಿಚ್ಚಿ ಚೀಲಕ್ಕೆ ತುರುಕಿ, ಒದ್ದೆ ಅಂಗಿಯಲ್ಲಿ ಬಸ್ಸಿನ ಕಿಟಕಿಯ ಗಾಳಿಗೆ ಕುಳಿತುಕೊಳ್ಳುತ್ತದೆ. ಆಗ ಅದು ನಡುಗುವುದು ಹವೆಯ ಚಳಿಗಿಂತ ಹೆಚ್ಚಾಗಿ ಬಟ್ಟೆಯ ಒದ್ದೆಗೆ. ನೀರು ಆವಿಯಾಗುವಾಗ ಬೇಕಾದ ಶಾಖವನ್ನು ಮೈಯಿಂದಲೇ ಕಿತ್ತುಕೊಳ್ಳುತ್ತದೆ. ಗಾಳಿ ಬೀಸಿದರೆ ಆ ಕೆಲಸ ಇನ್ನೂ ಚುರುಕಾಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ರೀತಿಯಲ್ಲಿ.

ಬಟ್ಟೆ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಎಳೆಗಳ ನಡುವೆ, ಪದರಗಳ ನಡುವೆ ಅಲುಗದೆ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಆದುದರಿಂದ ಒಂದು ದಪ್ಪ ಬಟ್ಟೆಗಿಂತ ಎರಡು ತೆಳು ಬಟ್ಟೆಗಳು ಅನುಕೂಲ. ಅವುಗಳ ಮಧ್ಯೆ ಗಾಳಿಯ ಇನ್ನೊಂದು ಪದರ ನಿಲ್ಲುತ್ತದೆ. ಸೆಕೆಯಾದರೆ ಒಂದನ್ನು ತೆಗೆದುಬಿಡಬಹುದು. ಒದ್ದೆಯಾದರೆ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಒಳಗೆ ತೆಳು ಹತ್ತಿಯ ಅಂಗಿ, ಮೇಲೆ ಮುಂದುಗಡೆ ಗುಂಡಿಯಿರುವ ತುಂಬುತೋಳಿನ ಇನ್ನೊಂದು ಅಂಗಿ. ತಲೆಯಿಂದ ಎಳೆದು ತೊಡುವ ಸ್ವೆಟರಿಗಿಂತ ಗುಂಡಿಯ ಸ್ವೆಟರೇ ವಾಸಿ; ಅರ್ಧ ಬಿಚ್ಚಿ ಅರ್ಧ ಹಾಕಿಕೊಂಡೂ ಇರಬಹುದು.

ಇನ್ನು ನೂಲಿನ ಗುಣ. ಸಾಧಾರಣ ಹವೆಯಲ್ಲಿ ಒಣಗಿದಂತೆ ತೋರುವ ಹತ್ತಿಯಲ್ಲೂ ನೂರಕ್ಕೆ ಸುಮಾರು 8 ಪಾಲು ತೇವವಿರುತ್ತದೆ. ಉಣ್ಣೆಯಲ್ಲಿ ಸುಮಾರು 16 ಪಾಲು. ಪಾಲಿಯೆಸ್ಟರಿನಲ್ಲಿ ಅರ್ಧ ಪಾಲೂ ಇಲ್ಲ. ಪಾಲಿಯೆಸ್ಟರ್ ಬೇಗ ಒಣಗುವುದು ಅದಕ್ಕೇ, ನಮ್ಮ ಸೆಕೆಯಲ್ಲಿ ಅಂಟಂಟಾಗುವುದೂ ಅದಕ್ಕೇ. ಬರಿಯ ಹತ್ತಿ ಮೈಗೆ ಹಿತ, ಆದರೆ ದಪ್ಪವಾಗಿದ್ದರೆ ಒಣಗದು. ಜೀನ್ಸ್ ಬಟ್ಟೆಯ ಪ್ಯಾಂಟು ಒಂದು ಸಂಜೆಮಳೆಗೆ ನೆನೆದರೆ ಮರುದಿನ ಸಂಜೆಗೂ ಸೊಂಟಪಟ್ಟಿ ಹಸಿ! ದಿನವೂ ಓಡಾಡುವವರಿಗೆ ಹತ್ತಿ, ಪಾಲಿಯೆಸ್ಟರ್ ಬೆರೆತ ತೆಳು ಬಟ್ಟೆ ಒಳ್ಳೆಯ ರಾಜಿ. ಬಚ್ಚಲ ಒಲೆಯ ಮುಂದೆ, ಅಡಿಗೆಯ ಬೆಂಕಿಯ ಬಳಿ ಕೆಲಸ ಮಾಡುವವರು ಮಾತ್ರ ಹತ್ತಿಯನ್ನೇ ಉಡಬೇಕು. ಪಾಲಿಯೆಸ್ಟರಿಗೆ ಕಿಡಿ ತಗಲಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ತೇವ ಹೀರಿದ ಮೇಲೂ ಒಂದಿಷ್ಟು ಬೆಚ್ಚಗಿರುತ್ತದೆ. ಹಿಂದಿನವರು ಮಳೆಗೂ ಚಳಿಗೂ ಒಂದೇ ಕಂಬಳಿ ಹೊದ್ದು ಘಟ್ಟ ಹತ್ತುತ್ತಿದ್ದುದರಲ್ಲಿ ಬಡತನದ ಜೊತೆಗೆ ಬುದ್ಧಿಯೂ ಇತ್ತು.

ಘಟ್ಟದ ಮಾತು ಬಂದುದರಿಂದ ಒಂದು ಲೆಕ್ಕ. ಸಾವಿರ ಮೀಟರ್ ಮೇಲೇರಿದರೆ ಹವೆಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕಕ್ಕಿಂಜೆಯಲ್ಲಿ ಬೆವರು ಒರೆಸುತ್ತ ಬಸ್ಸು ಹತ್ತಿದವರು ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆಯ ಬಿಸಿಗೆ ಕೈ ಕಾಯಿಸುವುದು ಸುಮ್ಮನೆ ಅಲ್ಲ. ಅತ್ತ ಹೋಗುವವರಿಗೆ ಭಾರದ ಕೋಟು ಬೇಡ. ಮಡಚಿ ಕೈಚೀಲದಲ್ಲಿ ಇಡಬಹುದಾದ ಒಂದು ಶಾಲು, ಗಾಳಿ ತಡೆಯುವ ಒಂದು ತೆಳು ಮೇಲಂಗಿ ಸಾಕು. ಬಯಲಿನಲ್ಲಿ ಬೆಳಗಿನವರೆಗೆ ಯಕ್ಷಗಾನ ನೋಡುವವರಿಗೂ ಇದೇ ಮಾತು. ಅಲ್ಲಿ ತಲೆಗೆ ಸುತ್ತಿದ ಬೈರಾಸನ್ನು ಮೀರಿಸುವ ಟೊಪ್ಪಿ ಇನ್ನೂ ಬಂದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಮಳೆ ಪೂರ್ತಿ ನಿಂತು ಕಾಡಿನ ನೆಲ ಒಣಗುತ್ತ ಬಂದಂತೆ ನಮಗೆ ಬಟ್ಟೆ ಕಡಿಮೆ ಮಾಡುವ ಮನಸ್ಸಾಗುತ್ತದೆ. ಉಣ್ಣಿಗಳು ಹೆಚ್ಚುವುದೂ ಅದೇ ಸಮಯದಲ್ಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈ ಉಣ್ಣಿಗಳ ಕಡಿತದಿಂದ ಹರಡುತ್ತದೆ. ಅದು 1982–83ರ ಹೊತ್ತಿಗೆ ನಮ್ಮ ಬೆಳ್ತಂಗಡಿ ತಾಲೂಕಿಗೇ ಬಂದು, ಸಾವಿರಕ್ಕೂ ಮಿಕ್ಕಿ ಜನರನ್ನು ಮಲಗಿಸಿ, ನೂರಕ್ಕೂ ಮಿಕ್ಕಿ ಜೀವಗಳನ್ನು ಕೊಂಡೊಯ್ದಿತು. ಕಾಯಿಲೆಯ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ತೋಟಕ್ಕೆ ತರಗೆಲೆ ಗುಡಿಸಿ ತರುವುದು, ಒಲೆಗೆ ಕಟ್ಟಿಗೆ ಕೂಡಿಡುವುದು ಎಲ್ಲವೂ ಆ ತಿಂಗಳುಗಳಲ್ಲೇ.

ಹಾಗಾಗಿ ಮಂಜಿಗೆಂದು ಕೊಂಡ ಆ ತುಂಬುತೋಳಿನ ಅಂಗಿಯನ್ನು ಬಿಸಿಲು ಬಂತೆಂದು ಮೂಲೆಗೆ ಎಸೆಯಬೇಡಿ. ಕಾಡಂಚಿಗೆ ಹೋಗುವಾಗ ಅದನ್ನೇ ತೊಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ತೋಟದ ಕೆಲಸದ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಡುವ ರೂಢಿ ಬಹಳ ಒಳ್ಳೆಯದು. ಸೀರೆಯ ಒಳಗೊಂದು ಪೈಜಾಮವೂ ಇದ್ದರೆ ಕಾಲಿಗೂ ರಕ್ಷಣೆ. ಬಣ್ಣ ತಿಳಿಯಾಗಿರಲಿ. ಮರಿ ಉಣ್ಣಿಗಳು ಸಾಸಿವೆಗಿಂತ ಸಣ್ಣವು. ಕಡುಬಣ್ಣದ ಬಟ್ಟೆಯ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಆರೋಗ್ಯ ಇಲಾಖೆಯವರು ಡೀಪಾ ಎಣ್ಣೆ ಕೊಟ್ಟರೆ ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದೊಡನೆ ಆ ಬಟ್ಟೆಗಳನ್ನು ಹೊರಗೇ ಕಳಚಿ, ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ. ತೆಳು ಅಂಗಿಯಾದರೆ ದಿನವೂ ಒಗೆದು ದಿನವೂ ತೊಡಬಹುದು. ದಪ್ಪ ಬಟ್ಟೆಯಾದರೆ ‘ನಾಳೆ ಒಗೆದರಾಯಿತು’ ಎಂದು ಮೊಳೆಗೆ ನೇತುಹಾಕುತ್ತೇವೆ.

ಕೊನೆಗೆ ಎತ್ತಿಡುವ ಕ್ರಮ. ಪತ್ತನಾಜೆ ಕಳೆದು ಮಳೆ ಹಿಡಿಯುವ ಮುನ್ನ ಸ್ವೆಟರು, ಶಾಲುಗಳನ್ನು ಒಗೆದೇ ಇಡಬೇಕು. ನುಸಿ ಮೊದಲು ಬಾಯಿ ಹಾಕುವುದು ಬೆವರಿನ ಕಲೆಗೆ. ಚೆನ್ನಾಗಿ ಒಣಗಿಸಿ, ಬಿಸಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಹತ್ತಿ ಬಟ್ಟೆಗೆ ಗಂಜಿ ಹಾಕಿ ಇಡಬೇಡಿ. ಆಟಿ ತಿಂಗಳಲ್ಲಿ ಪೆಟ್ಟಿಗೆ ತೆರೆದರೆ ಆ ಗಂಜಿಯನ್ನು ಬೂಸ್ಟು ಉಂಡು ಮುಗಿಸಿರುತ್ತದೆ.